ಧ್ವನಿವರ್ಧಕ ಯಂತ್ರವೂ ವಿದ್ಯುಚ್ಛಕ್ತಿಯ ಮಿತವ್ಯಯವೂ

(ಹಳೆಯ ವಿದ್ಯಾರ್ಥಿನಿಯರಿಗೂ ಮಾತಾಪಿತೃಗಳಿಗೂ ಒಂದು ವಿಜ್ಞಾನ ಪಾಠ)

೧. ಪೀಠಿಕೆ

ಧ್ವನಿವರ್ಧಕ ಯಂತ್ರದ ಪರಿಚಯವಿಲ್ಲದ ಊರು ಈಗ ನಮ್ಮ ಬೀದರ ಜಿಲ್ಲೆಯಲ್ಲಿ ದೊರೆಯುವುದು ದುರ್ಲಭ. ಬೀದರ ಪಟ್ಟಣದ ಚೌಬಾರದ ಸುತ್ತಣ ಬೀದಿಗಳಲ್ಲಿ ಹೊರಡುವ ಮೆರವಣಿಗೆಯಾಗಲಿ, ಭಾಲ್ಕಿಯಲ್ಲಿ ನಡೆಯುವ ಮದುವೆಯಾಗಲಿ, ಔರಾದಿನ ಅಮರೇಶ್ವರನ ಜಾತ್ರೆಯಾಗಲಿ, ಹೆಣ್ಣುಮಕ್ಕಳ ಶಾಲೆಯ ವಾರ್ಷಿಕೋತ್ಸವವಾಗಲಿ, ಕಾರ್ಯಕ್ಕೆ ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಕಡೆಗೆ ಹೊರಡುವ ಅತಿಥಿಯು ಮೈಕಿನ ಸೆಟ್ಟೇ ಆಗಿರುತ್ತದೆ. ಈ ಅತಿಥಿಗೆ ಅನ್ನವೆಂದರೆ ವಿದ್ಯುಚ್ಛಕ್ತಿ. ಅದು ಎಷ್ಟು ಉಣ್ಣುತ್ತದೆ, ಉಂಡದ್ದರಲ್ಲಿ ಎಷ್ಟನ್ನು ಕೆಲಸಕ್ಕೆ ತರುತ್ತದೆ, ಎಷ್ಟನ್ನು ಚೆಲ್ಲುತ್ತದೆ ಎಂಬುದನ್ನು ವಿಚಾರಿಸಿದವರು ವಿರಳ.

ನಮ್ಮ ಮನೆಗಳಿಗೆ ಜೆಸ್ಕಾಂ ಕಂಪನಿಯ ತಂತಿಗಳಲ್ಲಿ ಬರುವ ಶಕ್ತಿಯಲ್ಲಿ ನೀರು, ಗಾಳಿ, ಬಿಸಿಲುಗಳ ಪಾಲು ಉಂಟು. ರಾಯಚೂರ ಸಮೀಪದ ಶಕ್ತಿನಗರದಂಥ ಸ್ಥಳಗಳಲ್ಲಿ ಕಲ್ಲಿದ್ದಲನ್ನು ಸುಟ್ಟು ಪಡೆದ ಪಾಲೂ ಉಂಟು. ೧೦೦೦ ವಾಟುಗಳ ಯಂತ್ರವು ಒಂದು ಘಂಟೆ ನಡೆದರೆ ಒಂದು ಯೂನಿಟ್ಟು ಖರ್ಚಾಯಿತೆಂದು ಲೆಕ್ಕ. ಭಾರತದ ಎಲ್ಲ ಬಗೆಯ ಉತ್ಪಾದನೆಯನ್ನು ಒಟ್ಟುಗೂಡಿಸಿ ಸರಾಸರಿ ತೆಗೆದರೆ, ಒಂದು ಯೂನಿಟ್ಟಿನ ಹಿಂದೆ ಸುಮಾರು ೦.೭ ಕಿಲೋಗ್ರಾಂ ಇಂಗಾಲಾಮ್ಲ ವಾಯು, ಅಂದರೆ ಈಗಿನ ಪಠ್ಯಪುಸ್ತಕಗಳು ಹೇಳುವ ಇಂಗಾಲದ ಡೈಆಕ್ಸೈಡ್, ಆಕಾಶಕ್ಕೆ ಸೇರುತ್ತದೆ. ಈ ವಾಯುವಿನಿಂದ ಭೂಮಿಯು ಕಾವೇರುತ್ತಿರುವ ಸಂಗತಿಯು ಎಲ್ಲರೂ ಬಲ್ಲದ್ದೇ. ಹೀಗಿರಲು, ಶಕ್ತಿಯನ್ನು ಧಾರಾಳವಾಗಿ ನುಂಗುವ ಧ್ವನಿವರ್ಧಕಗಳಿಗೆ ಮುಂದಿನ ಕಾಲದಲ್ಲಿ ಸ್ಥಳವುಂಟೇ ಎಂಬ ಪ್ರಶ್ನೆಯು ಹುಟ್ಟುವುದು ಸಹಜ. ಮನೆಯ ಶುಭಕಾರ್ಯಗಳಿಗೆ ಮೈಕಿನವರನ್ನು ಗೊತ್ತುಮಾಡುವಾಗ ತಾಯಂದಿರೂ ಹಳೆಯ ವಿದ್ಯಾರ್ಥಿನಿಯರೂ ತಕ್ಕ ಪ್ರಶ್ನೆಗಳನ್ನು ಕೇಳಲು ಶಕ್ತರಾಗಬೇಕೆಂಬುದೇ ಈ ಪಾಠದ ಉದ್ದೇಶ.

೨. ಮಾನವ ಕಂಠದ ಅಲ್ಪ ಬಲ

ನಾವು ಸಾಧಾರಣವಾಗಿ ಮಾತಾಡುವಾಗ ಬಾಯಿಂದ ಹೊರಡುವ ಧ್ವನಿಯ ಸಾಮರ್ಥ್ಯವು ಒಂದು ವಾಟಿನ ಲಕ್ಷದಲ್ಲೊಂದು ಪಾಲಿನಷ್ಟು ಮಾತ್ರ. ಲಕ್ಷ ಜನರು ಏಕಕಾಲದಲ್ಲಿ ಮಾತಾಡಿದರೂ, ಆ ಎಲ್ಲ ಧ್ವನಿ ಕೂಡಿ ಒಂದು ವಾಟಾದೀತು. ಅಂದರೆ ಚಿಕ್ಕದೊಂದು ಕೈದೀಪಕ್ಕೆ ಬೇಕಾಗುವಷ್ಟು. ಇಷ್ಟು ಅಲ್ಪ ಬಲದಿಂದಲೇ ತಾಯಿಯು ಮಗುವನ್ನು ಮಲಗಿಸುತ್ತಾಳೆ, ಗುರುವು ಪಾಠ ಹೇಳುತ್ತಾನೆ, ವ್ಯಾಪಾರ ನಡೆಯುತ್ತದೆ. ಇದು ಸಾಧ್ಯವಾಗಿರುವುದು ನಮ್ಮ ಕಿವಿಯ ಸೂಕ್ಷ್ಮತೆಯಿಂದ. ಧ್ವನಿಯ ವಿಷಯದಲ್ಲಿ ಪ್ರಕೃತಿಯು ಬಾಯಿಗೆ ಬಲವನ್ನು ಕಡಿಮೆ ಕೊಟ್ಟು ಕಿವಿಗೆ ಸೂಕ್ಷ್ಮತೆಯನ್ನು ಹೆಚ್ಚು ಕೊಟ್ಟಿದೆ ಎಂಬ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ವಿದ್ಯುತ್ತಿಲ್ಲದ ಕಾಲದಲ್ಲಿ ನಮ್ಮ ಹಿರಿಯರು ಧ್ವನಿಯನ್ನು ದೂರಕ್ಕೆ ಮುಟ್ಟಿಸಲು ಎರಡು ಉಪಾಯಗಳನ್ನು ಬಲ್ಲವರಾಗಿದ್ದರು. ಮೊದಲನೆಯದು ಗೋಡೆ. ಬೀದರಿನಲ್ಲಿ ೧೪೭೨ರಲ್ಲಿ ಮಹಮೂದ್ ಗವಾನನು ಕಟ್ಟಿಸಿದ ಮದರಸೆಯ ಉಪನ್ಯಾಸ ಮಂದಿರಗಳನ್ನು ನಮ್ಮ ಮಕ್ಕಳು ನೋಡಿರುವರು. ಎತ್ತರವಾದ ಕಲ್ಲುಗೋಡೆಗಳು ಧ್ವನಿಯನ್ನು ಚದುರಲು ಬಿಡದೆ ಒಳಕ್ಕೇ ಹಿಂದಿರುಗಿಸುವುವು. ಬಯಲಿನಲ್ಲಿ ಕಳೆದುಹೋಗುವ ಮಾತು ಇಂಥ ಮಂದಿರದಲ್ಲಿ ಉಳಿಯುತ್ತದೆ. ವಿಜಾಪುರದ ಗೋಲಗುಮ್ಮಟದ ಮೇಲಿನ ಮೊಗಸಾಲೆಯಲ್ಲಿ ಪಿಸುಮಾತೂ ಎದುರು ಬದಿಗೆ ಕೇಳಿಸುವುದು ಇದೇ ತತ್ತ್ವದ ಪರಾಕಾಷ್ಠೆ.

ಎರಡನೆಯದು ಕಹಳೆ. ಬೀದರಿನ ಹತ್ತಿರದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹಮದ ಷಹಾನ ಉರುಸಿಗೆ ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಶಂಖಧ್ವನಿಯೊಡನೆ ಬರುವ ಸಂಪ್ರದಾಯವನ್ನು ನಮ್ಮ ಕಡೆಯವರೆಲ್ಲ ಬಲ್ಲರು. ಶಂಖವು ಹೊಸದಾಗಿ ಶಕ್ತಿಯನ್ನು ಹುಟ್ಟಿಸುವುದಿಲ್ಲ. ಊದುವವನ ತುಟಿಯ ಕಂಪನವು ವ್ಯರ್ಥವಾಗದೆ ಹೊರಗಿನ ಗಾಳಿಗೆ ಸೇರುವಂತೆ ದಾರಿಮಾಡಿಕೊಡುತ್ತದೆ. ಶಕ್ತಿಯನ್ನು ಹೆಚ್ಚಿಸುವುದು ಒಂದು, ಇರುವ ಶಕ್ತಿಯನ್ನು ಹಾಳಾಗದಂತೆ ಮುಟ್ಟಿಸುವುದು ಇನ್ನೊಂದು. ಈ ಭೇದವೇ ನಮ್ಮ ಪಾಠದ ತಿರುಳು.

೩. ವರ್ಧಕದ ಸಂಕ್ಷಿಪ್ತ ಚರಿತ್ರೆ

ಮೈಕಿನ ಸೆಟ್ಟಿನಲ್ಲಿ ಮುಖ್ಯವಾಗಿ ಮೂರು ಅಂಗಗಳಿರುತ್ತವೆ. ಧ್ವನಿಯನ್ನು ಸೂಕ್ಷ್ಮವಾದ ವಿದ್ಯುತ್ತರಂಗವನ್ನಾಗಿ ಮಾಡುವುದು ಮೈಕು. ಆ ತರಂಗವನ್ನು ಬಲಪಡಿಸುವುದು ಆಂಪ್ಲಿಫಾಯರು, ಇದನ್ನು ಇಲ್ಲಿ ವರ್ಧಕವೆಂದು ಕರೆಯೋಣ. ಬಲಗೊಂಡ ತರಂಗವನ್ನು ಮತ್ತೆ ಧ್ವನಿಯನ್ನಾಗಿ ಮಾಡುವುದು ಸ್ಪೀಕರು.

೧೯೦೬ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ಎಂಬವನು ಗಾಳಿಯನ್ನು ತೆಗೆದ ಗಾಜಿನ ಬುರುಡೆಯೊಳಗೆ ಮೂರು ಲೋಹದ ಭಾಗಗಳನ್ನಿಟ್ಟು, ಅಲ್ಪ ತರಂಗವು ಮಹತ್ತಾದ ಪ್ರವಾಹವನ್ನು ಆಳುವಂತೆ ಮಾಡಿದನು. ಜನರು ವಾಲ್ವು ಎನ್ನುವುದು ಇದನ್ನೇ. ೧೯೧೫ರಲ್ಲಿ ಜೆನ್ಸನ್, ಪ್ರಿಡ್‌ಹ್ಯಾಮ್ ಎಂಬ ಇಬ್ಬರು ಕ್ಯಾಲಿಫೋರ್ನಿಯಾದಲ್ಲಿ ವಿದ್ಯುತ್ತಿನ ಸ್ಪೀಕರನ್ನು ಜನಸಮೂಹದ ಮುಂದೆ ನುಡಿಸಿದರು. ೧೯೧೯ರಲ್ಲಿ ಅಮೆರಿಕದ ಅಧ್ಯಕ್ಷ ವಿಲ್ಸನ್ನರು ಸ್ಯಾನ್ ಡಿಯೇಗೋ ನಗರದಲ್ಲಿ ಸುಮಾರು ೫೦,೦೦೦ ಜನರಿಗೆ ಕೇಳುವಂತೆ ಭಾಷಣ ಮಾಡಿದ್ದು ಅದೇ ಯಂತ್ರದಿಂದ. ನಮ್ಮ ನಾಡಿನಲ್ಲಿ, ೧೯೩೫ರಲ್ಲಿ ಮೈಸೂರಿನ ಪ್ರಾಧ್ಯಾಪಕ ಡಾ|| ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ 'ಆಕಾಶವಾಣಿ'ಯನ್ನು ಆರಂಭಿಸಿದಾಗ ಅವರ ಬಳಿ ಇದ್ದ ಪ್ರಸಾರ ಯಂತ್ರವು ಕೇವಲ ೩೦ ವಾಟುಗಳದು.

೧೯೪೭ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಟ್ರಾನ್ಸಿಸ್ಟರು ಹುಟ್ಟಿತು. ಅದಕ್ಕೆ ಕಾಯುವ ತಂತಿ ಬೇಡ, ಗಾಜಿನ ಬುರುಡೆ ಬೇಡ. ಬೆಂಗಳೂರಿನಲ್ಲಿ ೧೯೫೪ರಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ೧೯೬೧ರಲ್ಲಿ ರೇಡಿಯೋ ವಾಲ್ವುಗಳನ್ನೂ, ಮರುವರ್ಷವೇ ಜರ್ಮೇನಿಯಂ ಅರ್ಧವಾಹಕಗಳನ್ನೂ ತಯಾರಿಸತೊಡಗಿತು. ಹೀಗೆ ಕನ್ನಡ ನೆಲದಲ್ಲಿ ಹಳೆಯ ಯುಗವೂ ಹೊಸ ಯುಗವೂ ಒಂದೇ ಕಾರ್ಖಾನೆಯಲ್ಲಿ ಒಂದು ವರ್ಷದ ಅಂತರದಲ್ಲಿ ಕೈಹಿಡಿದು ನಡೆದವು.

೪. ಶಕ್ತಿಯು ಎಲ್ಲಿ ಕಳೆದುಹೋಗುತ್ತದೆ?

ವರ್ಧಕದ ಮೇಲೆ ಕೈಯಿಟ್ಟು ನೋಡಿದರೆ ಉತ್ತರವು ತಾನಾಗಿಯೇ ತಿಳಿಯುವುದು. ಕಳೆದುಹೋದ ಶಕ್ತಿಯೆಲ್ಲ ಶಾಖವಾಗಿರುತ್ತದೆ. ವಾಲ್ವಿನಲ್ಲಿಯಂತೂ ಕೆಲಸ ಆರಂಭಿಸುವುದಕ್ಕೆ ಮುಂಚೆಯೇ ಒಳಗಿನ ತಂತಿಯನ್ನು ಕೆಂಪಗೆ ಕಾಯಿಸಬೇಕು. ಚಿಕ್ಕದೊಂದು ವಾಲ್ವಿಗೂ ಇದಕ್ಕಾಗಿಯೇ ಸುಮಾರು ೫ ವಾಟು ಬೇಕಾಗುವುದುಂಟು. ಇದರ ಹೊರತಾಗಿ, ವರ್ಧಕಗಳು ಕೆಲಸ ಮಾಡುವ ಕ್ರಮದಲ್ಲಿ ಮೂರು ವರ್ಗಗಳನ್ನು ತಿಳಿಯತಕ್ಕದ್ದು.

'ಎ' ವರ್ಗ: ಇದರಲ್ಲಿ ಹಾಡು ಇರಲಿ, ಇಲ್ಲದಿರಲಿ, ಪೂರ್ಣ ಪ್ರವಾಹವು ಸದಾ ಹರಿಯುತ್ತಿರುತ್ತದೆ. ಒಂದು ಬಟ್ಟಲು ಚಹಕ್ಕಾಗಿ ಹಗಲೆಲ್ಲ ಒಲೆಯನ್ನು ಧಗಧಗನೆ ಉರಿಸಿಟ್ಟ ಹಾಗೆ. ಇದರಿಂದ ದೊರೆಯುವ ಧ್ವನಿಯು ಅತ್ಯಂತ ನಯವಾದದ್ದೆಂದು ಸಂಗೀತಪ್ರಿಯರ ಅಭಿಪ್ರಾಯ. ಆದರೆ ಗಣಿತಶಾಸ್ತ್ರದ ಮೇರೆಗೆ ಇದು ಸೆಳೆದ ಶಕ್ತಿಯಲ್ಲಿ ಶೇಕಡಾ ೫೦ಕ್ಕಿಂತ ಹೆಚ್ಚನ್ನು ಎಂದಿಗೂ ಹೊರಗೆ ಕೊಡಲಾರದು. ಸಾಧಾರಣ ಸಂಗೀತದಲ್ಲಿ ಕೊಡುವುದು ಅದಕ್ಕಿಂತ ಬಹಳ ಕಡಿಮೆ.

'ಬಿ' ವರ್ಗ: ಇದರಲ್ಲಿ ಇಬ್ಬರು ಕೆಲಸಗಾರರು. ಮಜ್ಜಿಗೆ ಕಡೆಯುವಾಗ ಹಗ್ಗದ ಒಂದು ತುದಿಯನ್ನು ಬಲಗೈ ಎಳೆದರೆ ಎಡಗೈ ವಿಶ್ರಮಿಸುವುದು, ಎಡಗೈ ಎಳೆದರೆ ಬಲಗೈ ವಿಶ್ರಮಿಸುವುದು ಅಲ್ಲವೆ? ಹಾಗೆಯೇ ತರಂಗದ ಮೇಲಿನ ಅರ್ಧವನ್ನು ಒಂದು ಟ್ರಾನ್ಸಿಸ್ಟರೂ ಕೆಳಗಿನ ಅರ್ಧವನ್ನು ಇನ್ನೊಂದೂ ನಿರ್ವಹಿಸುವುವು. ಇದರ ಪರಮಾವಧಿ ಶೇಕಡಾ ೭೮.೫. ಆದರೆ ಕೈ ಬದಲಾಗುವ ಕ್ಷಣದಲ್ಲಿ ಹಗ್ಗವು ಸಡಿಲಾದಂತೆ ಧ್ವನಿಯಲ್ಲಿ ಸ್ವಲ್ಪ ತೊಡಕು ಬರುವುದರಿಂದ, ಇಬ್ಬರೂ ಸ್ವಲ್ಪ ಹೊತ್ತು ಜತೆಯಾಗಿ ಎಳೆಯುವಂತೆ ಮಾಡಿದ 'ಎಬಿ' ವರ್ಗವು ಬಳಕೆಗೆ ಬಂದಿತು. ನಮ್ಮ ಕಡೆಯ ಮೈಕಿನ ಅಂಗಡಿಗಳಲ್ಲಿ ಬಹುಕಾಲದಿಂದ ಕಾಣುವ ಭಾರವಾದ ವರ್ಧಕಗಳು ಈ ಜಾತಿಯವು.

'ಡಿ' ವರ್ಗ: ನಲ್ಲಿಯನ್ನು ಅರೆತೆರೆದರೆ ನೀರಿನ ಬಲವು ಆ ಸಂದಿಯಲ್ಲಿ ತಿಕ್ಕಾಡಿ ವ್ಯರ್ಥವಾಗುವುದು. ಪೂರ್ತಿ ತೆರೆದರೆ ತಡೆಯಿಲ್ಲ. ಪೂರ್ತಿ ಮುಚ್ಚಿದರೆ ಹರಿವೇ ಇಲ್ಲ. ಎರಡರಲ್ಲಿಯೂ ನಷ್ಟ ಅತ್ಯಲ್ಪ. ಈ ವರ್ಗದ ವರ್ಧಕದಲ್ಲಿ ಟ್ರಾನ್ಸಿಸ್ಟರು ಒಂದು ಸೆಕೆಂಡಿನಲ್ಲಿ ಕೆಲವು ಲಕ್ಷ ಸಾರಿ ಪೂರ್ತಿ ತೆರೆದು ಪೂರ್ತಿ ಮುಚ್ಚುತ್ತದೆ. ತೆರೆದಿರುವ ಕಾಲವನ್ನು ಹೆಚ್ಚುಕಡಿಮೆ ಮಾಡುವುದರಿಂದಲೇ ಧ್ವನಿಯ ಏರಿಳಿತವು ರೂಪುಗೊಳ್ಳುವುದು. ಇಂಥ ವರ್ಧಕದ ಫಲಪ್ರಮಾಣವು ಶೇಕಡಾ ೯೦ನ್ನು ಮುಟ್ಟುವುದುಂಟು. ಕೈಯಲ್ಲಿ ಹಿಡಿಯುವ ದೂರವಾಣಿಯ ಸ್ಪೀಕರಿನಿಂದ ಮೊದಲುಗೊಂಡು ದೊಡ್ಡ ಸಭೆಗಳ ಯಂತ್ರಗಳವರೆಗೆ ಈಗ ಇದೇ ಬಳಕೆಯಲ್ಲಿದೆ.

ಇಷ್ಟಾದರೂ ನಷ್ಟದ ಕಥೆ ಮುಗಿಯಲಿಲ್ಲ. ವರ್ಧಕದಿಂದ ಸ್ಪೀಕರಿಗೆ ಬಂದ ಶಕ್ತಿಯಲ್ಲಿ ಪೆಟ್ಟಿಗೆಯ ಸ್ಪೀಕರು ಶೇಕಡಾ ಒಂದರಷ್ಟನ್ನೋ ಅದಕ್ಕಿಂತ ಕಡಿಮೆಯನ್ನೋ ಧ್ವನಿಯನ್ನಾಗಿ ಮಾಡುತ್ತದೆ; ಉಳಿದ ತೊಂಬತ್ತೊಂಬತ್ತು ಪಾಲು ಅದರ ತಂತಿಯ ಸುರುಳಿಯನ್ನು ಕಾಯಿಸುವುದರಲ್ಲಿ ಕಳೆಯುವುದು. ಕಹಳೆಯಾಕಾರದ ಹಾರ್ನಾದರೋ, ಶಂಖದ ತತ್ತ್ವದಿಂದಲೇ, ಇದಕ್ಕಿಂತ ಹಲವು ಪಟ್ಟು ಹೆಚ್ಚನ್ನು ಗಾಳಿಗೆ ಮುಟ್ಟಿಸುವುದು. ಒಂದೇ ಎತ್ತರದ ಧ್ವನಿಗೆ ಒಂದು ಒಳ್ಳೆಯ ಹಾರ್ನು ೧ ವಾಟು ಕೇಳಿದರೆ, ಪೆಟ್ಟಿಗೆಯ ಸ್ಪೀಕರು ೪೦ ವಾಟು ಕೇಳುವುದುಂಟು. ಹಾರ್ನು ಸಂಗೀತಕ್ಕೆ ಅಷ್ಟು ಇಂಪಲ್ಲವೆಂಬುದು ನಿಜ. ಆದರೆ ಮಾತಿಗೆ ಸಾಕು. ಆದುದರಿಂದ ವರ್ಧಕದ ಆಯ್ಕೆಗಿಂತಲೂ ಸ್ಪೀಕರಿನ ಆಯ್ಕೆಯು ದೊಡ್ಡದೆಂದು ತಿಳಿಯಬೇಕು.

೫. ಮನೆಯ ಲೆಕ್ಕ

ಒಬ್ಬ ಗೃಹಸ್ಥನ ಮನೆಯಲ್ಲಿ ೧೦೦ ವಾಟು ಸೆಳೆಯುವ 'ಎ' ವರ್ಗದ ವರ್ಧಕವು ದಿನಕ್ಕೆ ೪ ಘಂಟೆ ನಡೆಯುವುದೆಂದು ಭಾವಿಸೋಣ. ದಿನಕ್ಕೆ ೦.೪ ಯೂನಿಟ್ಟು, ವರ್ಷಕ್ಕೆ ೧೪೬ ಯೂನಿಟ್ಟು. ಅದೇ ಹಾಡನ್ನು ಅದೇ ಎತ್ತರದಲ್ಲಿ ೧೦ ವಾಟು ಸೆಳೆಯುವ 'ಡಿ' ವರ್ಗದ ವರ್ಧಕದಲ್ಲಿ ಕೇಳಿದರೆ ವರ್ಷಕ್ಕೆ ಸುಮಾರು ೧೫ ಯೂನಿಟ್ಟು. ಉಳಿತಾಯ ೧೩೧ ಯೂನಿಟ್ಟು. ಆಕಾಶಕ್ಕೆ ಸೇರದೆ ಉಳಿದ ಇಂಗಾಲಾಮ್ಲ ವಾಯು ಸುಮಾರು ೯೨ ಕಿಲೋಗ್ರಾಂ.

ಇಲ್ಲಿ ಗೃಹಿಣಿಯರು ಗಮನಿಸತಕ್ಕ ಇನ್ನೊಂದು ಗುಟ್ಟು ಇದೆ. ಹಾಡು ನಿಂತ ಮೇಲೂ ಕೆಂಪು ಕಣ್ಣೊಂದನ್ನು ಬಿಟ್ಟುಕೊಂಡು ಕಾದಿರುವ ಯಂತ್ರವು ೫ ವಾಟು ಸೆಳೆಯುತ್ತಿದ್ದರೆ, ದಿನದ ಉಳಿದ ೨೦ ಘಂಟೆಗಳಂತೆ ವರ್ಷಕ್ಕೆ ಸುಮಾರು ೩೬ ಯೂನಿಟ್ಟು ಆಗುತ್ತದೆ. ಅಂದರೆ ಮಿತವ್ಯಯದ ವರ್ಧಕವು ಹಾಡಿ ಖರ್ಚು ಮಾಡುವುದಕ್ಕಿಂತ ಸುಮ್ಮನೆ ಕುಳಿತು ಖರ್ಚು ಮಾಡುವುದೇ ಎರಡು ಪಟ್ಟಿಗಿಂತ ಹೆಚ್ಚು! ಈ ಕಾರಣದಿಂದಲೇ ಯೂರೋಪಿನ ಒಕ್ಕೂಟವು ೨೦೦೮ರಲ್ಲಿ ನಿಯಮ ಮಾಡಿ, ೨೦೧೩ರಿಂದ ಇಂಥ ಯಂತ್ರಗಳು ಸುಮ್ಮನಿರುವಾಗ ಸಾಮಾನ್ಯವಾಗಿ ಅರ್ಧ ವಾಟಿಗಿಂತ ಹೆಚ್ಚು ಸೆಳೆಯಕೂಡದೆಂದು ವಿಧಿಸಿತು. ನಮಗೆ ಅಂಥ ನಿಯಮಕ್ಕಾಗಿ ಕಾಯುವ ಅಗತ್ಯವಿಲ್ಲ. ಗೋಡೆಯ ಸ್ವಿಚ್ಚನ್ನು ಆರಿಸಿದರೆ ಸಾಕು.

೬. ಮೈದಾನದ ಲೆಕ್ಕ

ಧ್ವನಿಯ ಎತ್ತರವನ್ನು ಡೆಸಿಬೆಲ್ ಎಂಬ ಮಾನದಿಂದ ಅಳೆಯುತ್ತಾರೆ. ಈ ಹೆಸರು ದೂರವಾಣಿಯನ್ನು ಕಂಡುಹಿಡಿದ ಅಲೆಗ್ಸಾಂಡರ್ ಗ್ರಹಾಂ ಬೆಲ್ಲನ ಸ್ಮರಣಾರ್ಥವಾಗಿ ಬಂದದ್ದು. ಅವನ ತಾಯಿಗೆ ಕಿವಿ ಮಂದ, ಹೆಂಡತಿಗೆ ಕಿವಿಯೇ ಕೇಳಿಸದು. ಅವನು ಕಿವುಡ ಮಕ್ಕಳಿಗೆ ಪಾಠ ಹೇಳುವ ಉಪಾಧ್ಯಾಯನಾಗಿದ್ದನು. ಅಬ್ಬರವನ್ನು ಅಳೆಯುವ ಮಾನಕ್ಕೆ ಕಿವುಡರ ಗುರುವಿನ ಹೆಸರಿರುವುದು ವಿಚಾರಾರ್ಹವಾದ ಸಂಗತಿ.

ಈ ಮಾನದ ಎರಡು ಸೂತ್ರಗಳನ್ನು ನೆನಪಿಡಬೇಕು. (ಅ) ೧೦ ಡೆಸಿಬೆಲ್ ಏರಿದರೆ ಕಿವಿಗೆ ಸುಮಾರು ಇಮ್ಮಡಿ ಜೋರಾದಂತೆ ತೋರುವುದು. ಆದರೆ ಅದಕ್ಕೆ ಬೇಕಾಗುವ ಶಕ್ತಿ ಇಮ್ಮಡಿಯಲ್ಲ, ಹತ್ತು ಮಡಿ. (ಆ) ಬಯಲಿನಲ್ಲಿ ದೂರವು ಇಮ್ಮಡಿಯಾದಾಗಲೆಲ್ಲ ಧ್ವನಿಯು ೬ ಡೆಸಿಬೆಲ್ ಇಳಿಯುವುದು.

ಈಗ ಶಾಲೆಯ ವಾರ್ಷಿಕೋತ್ಸವವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಕಡೆಯ ಸಾಲಿನ ತಾಯಂದಿರು ವೇದಿಕೆಯಿಂದ ೬೪ ಮೀಟರು ದೂರದಲ್ಲಿರುವರು. ಅವರಿಗೆ ೭೦ ಡೆಸಿಬೆಲ್ಲಿನಲ್ಲಿ ಮಾತು ಸ್ಪಷ್ಟವಾಗಿ ಕೇಳಬೇಕು. ವೇದಿಕೆಯ ಬಳಿಯ ಒಂದೇ ಸ್ಪೀಕರು ಈ ಕೆಲಸ ಮಾಡಬೇಕಾದರೆ, ಅದರಿಂದ ಒಂದು ಮೀಟರಿನಲ್ಲಿ ೧೦೬ ಡೆಸಿಬೆಲ್ ಇರಲೇಬೇಕು. ೧ ವಾಟಿಗೆ ಒಂದು ಮೀಟರಿನಲ್ಲಿ ೮೮ ಡೆಸಿಬೆಲ್ ಕೊಡುವ ಸಾಧಾರಣ ಸ್ಪೀಕರಾದರೆ ಅದಕ್ಕೆ ಸುಮಾರು ೬೪ ವಾಟು ಬೇಕು. ಅದೇ ಜಾತಿಯ ಎಂಟು ಚಿಕ್ಕ ಸ್ಪೀಕರುಗಳನ್ನು ಸಭಿಕರ ನಡುವೆ ಅಲ್ಲಲ್ಲಿ ನಿಲ್ಲಿಸಿ, ಯಾರಿಗೂ ೮ ಮೀಟರಿಗಿಂತ ದೂರವಾಗದಂತೆ ಮಾಡಿದರೆ, ಪ್ರತಿಯೊಂದಕ್ಕೂ ೧ ವಾಟು ಸಾಕು. ಒಟ್ಟು ೮ ವಾಟು. ಮಾತಿನ ಏರಿಳಿತಕ್ಕಾಗಿ ಹತ್ತು ಮಡಿ ಮೀಸಲಿಟ್ಟರೂ ಮೊದಲನೆಯದಕ್ಕೆ ೬೪೦, ಎರಡನೆಯದಕ್ಕೆ ೮೦. ವರ್ಧಕವನ್ನು ಬದಲಾಯಿಸದೆ, ಹೊಸ ವಿಜ್ಞಾನವೇನನ್ನೂ ತಾರದೆ, ಸ್ಪೀಕರುಗಳನ್ನು ಕೇಳುವವರ ಹತ್ತಿರಕ್ಕೆ ಒಯ್ದುದರಿಂದಲೇ ಎಂಟರಲ್ಲಿ ಏಳು ಪಾಲು ಶಕ್ತಿ ಉಳಿಯಿತು.

ಉಳಿದದ್ದು ಶಕ್ತಿಯೊಂದೇ ಅಲ್ಲ. ಮೊದಲನೆಯ ಏರ್ಪಾಡಿನಲ್ಲಿ ಸ್ಪೀಕರಿನಿಂದ ಎರಡು ಮೀಟರು ದೂರದಲ್ಲಿ ೧೦೦ ಡೆಸಿಬೆಲ್ ಇರುತ್ತದೆ. ಆ ಸ್ಥಳದಲ್ಲಿ ಚಾಪೆಯ ಮೇಲೆ ಕುಳಿತಿರುವವರು ಯಾರು? ನಮ್ಮ ಒಂದನೆಯ, ಎರಡನೆಯ ತರಗತಿಯ ಎಳೆಯ ಮಕ್ಕಳು. ಕಾರ್ಮಿಕರ ಕಿವಿಯ ರಕ್ಷಣೆಗಾಗಿ ಅಮೆರಿಕದ ಸರಕಾರಿ ಸಂಸ್ಥೆಯೊಂದು ೧೯೯೮ರಲ್ಲಿ ಮಾಡಿದ ಸಲಹೆಯಂತೆ, ೮೫ ಡೆಸಿಬೆಲ್ಲಿನಲ್ಲಿ ದಿನಕ್ಕೆ ೮ ಘಂಟೆ ಇರಬಹುದು. ಅಲ್ಲಿಂದ ಮೂರು ಮೂರು ಡೆಸಿಬೆಲ್ ಏರಿದಂತೆ ಕಾಲವು ಅರ್ಧರ್ಧವಾಗಿ ಇಳಿದು ೧೦೦ ಡೆಸಿಬೆಲ್ಲಿಗೆ ಕೇವಲ ೧೫ ನಿಮಿಷವಾಗುವುದು. ನಮ್ಮ ಸಮಾರಂಭಗಳು ಹದಿನೈದು ನಿಮಿಷಗಳಲ್ಲಿ ಮುಗಿಯುವುದಿಲ್ಲ. ಒಳಗಿವಿಯ ಸೂಕ್ಷ್ಮ ಕೇಶಕಣಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು.

೭. ಮಿತವ್ಯಯದ ಯಂತ್ರದಿಂದ ಮಿತವ್ಯಯವಾಯಿತೇ?

೧೮೬೫ರಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಜೆವನ್ಸನು ಒಂದು ವಿಚಿತ್ರ ಸಂಗತಿಯನ್ನು ಗಮನಿಸಿದನು. ಉಗಿಯಂತ್ರಗಳು ಕಡಿಮೆ ಕಲ್ಲಿದ್ದಲಿನಲ್ಲಿ ಹೆಚ್ಚು ಕೆಲಸ ಮಾಡತೊಡಗಿದ ಮೇಲೆ ದೇಶದ ಕಲ್ಲಿದ್ದಲಿನ ಖರ್ಚು ತಗ್ಗಲಿಲ್ಲ, ಹೆಚ್ಚಿತು. ಏಕೆಂದರೆ ಅಗ್ಗವಾದ ಯಂತ್ರವನ್ನು ಜನರು ಹೆಚ್ಚು ಹೆಚ್ಚು ಬಳಸಿದರು. ಧ್ವನಿವರ್ಧಕದ ವಿಷಯದಲ್ಲಿಯೂ ನಮ್ಮ ಕಣ್ಣೆದುರಿಗೇ ಇದು ನಡೆದಿದೆ. 'ಎಬಿ' ವರ್ಗದ ಕಾಲದಲ್ಲಿ ಇಬ್ಬರು ಹೊರುತ್ತಿದ್ದ ವರ್ಧಕದ ಸಾಮರ್ಥ್ಯವನ್ನು 'ಡಿ' ವರ್ಗದಲ್ಲಿ ಒಬ್ಬ ಹುಡುಗನು ಕಂಕುಳಲ್ಲಿಟ್ಟು ಒಯ್ಯಬಲ್ಲನು. ಅದರಿಂದ ಭಾರವೂ ಬೆಲೆಯ ಭಯವೂ ಕಡಿಮೆಯಾಗಿ, ಟ್ರಾಕ್ಟರಿನ ಮೇಲೆ ಪೆಟ್ಟಿಗೆಗಳನ್ನು ಗೋಡೆಯಂತೆ ಜೋಡಿಸಿ ಹಿಂದೆ ಡೀಸಲ್ ಜನರೇಟರನ್ನು ಕಟ್ಟಿಕೊಂಡು ಹೊರಡುವ ಡಿಜೆ ಮೆರವಣಿಗೆಯು ಸಾಧ್ಯವಾಯಿತು. ಇದು ಯಾವ ಒಂದು ಜಾತಿಗೂ ಮತಕ್ಕೂ ಸೇರಿದ ಅಭ್ಯಾಸವಲ್ಲ. ಎಲ್ಲರ ಹಬ್ಬಗಳಲ್ಲಿಯೂ ಎಲ್ಲರ ಮದುವೆಗಳಲ್ಲಿಯೂ ಕಾಣಬರುವುದು.

ಅಂಥ ಒಂದು ಮೆರವಣಿಗೆಯು ಸರಾಸರಿ ೧೦ ಕಿಲೋವಾಟು ಸೆಳೆದು ೫ ಘಂಟೆ ನಡೆಯಿತೆಂದು ಎಣಿಸಿದರೆ ೫೦ ಯೂನಿಟ್ಟು. ಒಂದು ಲೀಟರು ಡೀಸಲಿನಿಂದ ಸುಮಾರು ೩ ಯೂನಿಟ್ಟು ಹುಟ್ಟುವುದಾದರೆ ೧೭ ಲೀಟರು ಡೀಸಲು ಬೇಕು. ಅದರಿಂದ ಹೊರಡುವ ಇಂಗಾಲಾಮ್ಲ ವಾಯು ಸುಮಾರು ೪೫ ಕಿಲೋಗ್ರಾಂ. ಮೇಲೆ ಹೇಳಿದ ಮನೆಯ ಮಿತವ್ಯಯದ ವರ್ಧಕವು ನಾಲ್ಕು ವರ್ಷ ನಿತ್ಯವೂ ನಾಲ್ಕು ಘಂಟೆ ಹಾಡಿದರೆ ಹುಟ್ಟುವಷ್ಟು ಇಂಗಾಲಾಮ್ಲ ವಾಯು ಇಲ್ಲಿ ಒಂದೇ ಸಂಜೆಯಲ್ಲಿ ಹೊರಬಿದ್ದಿತು. 'ಎ' ವರ್ಗದ ವರ್ಧಕವನ್ನಿಟ್ಟುಕೊಂಡ ಸಂಗೀತಪ್ರಿಯನ ಇಡೀ ವರ್ಷದ ದುಂದು ಕೂಡ ಇಂಥ ಎರಡು ಸಂಜೆಗಳಿಗೆ ಸಮ. ಆದಕಾರಣ, ಅಜ್ಜನ ಕಾಲದ ವಾಲ್ವು ರೇಡಿಯೋವನ್ನು ಅಪರೂಪಕ್ಕೊಮ್ಮೆ ಕಾಯಿಸಿ ಕೇಳುವವರನ್ನು ದೂಷಿಸುವುದು ನ್ಯಾಯವಲ್ಲ. ದೋಷವಿರುವುದು ಯಂತ್ರದ ವರ್ಗದಲ್ಲಿ ಅಷ್ಟಾಗಿ ಅಲ್ಲ. 'ಇಷ್ಟು ಸಾಕು' ಎಂದು ಹೇಳುವವರಿಲ್ಲದಿರುವುದರಲ್ಲಿ.

೮. ಕಾನೂನಿನ ಮಾತು

ಭಾರತ ಸರಕಾರವು ೨೦೦೦ದಲ್ಲಿ ಮಾಡಿದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿಯ ಪ್ರದೇಶಗಳಲ್ಲಿ ಹಗಲು ೫೫, ರಾತ್ರಿ ೪೫ ಡೆಸಿಬೆಲ್ ಮಿತಿ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ೧೦೦ ಮೀಟರಿನ ಪ್ರದೇಶವನ್ನು ನಿಶ್ಶಬ್ದ ವಲಯವೆಂದು ಘೋಷಿಸಬಹುದು. ಅಲ್ಲಿ ಹಗಲು ೫೦, ರಾತ್ರಿ ೪೦. ಧ್ವನಿವರ್ಧಕಕ್ಕೆ ಅಧಿಕಾರಿಗಳ ಲಿಖಿತ ಅನುಮತಿ ಅವಶ್ಯಕ. ರಾತ್ರಿ ೧೦ರಿಂದ ಬೆಳಿಗ್ಗೆ ೬ರವರೆಗೆ ಬಯಲಿನಲ್ಲಿ ಅದರ ಬಳಕೆ ನಿಷಿದ್ಧ. ಹಬ್ಬಹರಿದಿನಗಳಿಗಾಗಿ ವರ್ಷದಲ್ಲಿ ೧೫ ದಿನಗಳಿಗೆ ಮೀರದಂತೆ ಮಧ್ಯರಾತ್ರಿಯವರೆಗೆ ರಾಜ್ಯ ಸರಕಾರವು ಸಡಿಲಿಕೆ ಕೊಡಬಹುದು. ಮೇಲಿನ ಮೈದಾನದ ಲೆಕ್ಕವನ್ನು ಮುಂದುವರಿಸಿದರೆ, ೧೨೮ ಮೀಟರು ದೂರದ ಮನೆಯಲ್ಲಿ ಒಂದೇ ಸ್ಪೀಕರಿನ ಏರ್ಪಾಡಿನಿಂದ ೬೪ ಡೆಸಿಬೆಲ್ಲೂ, ಎಂಟು ಚಿಕ್ಕ ಸ್ಪೀಕರುಗಳಿಂದ ಸುಮಾರು ೫೫ ಡೆಸಿಬೆಲ್ಲೂ ಕೇಳುವುದು. ಹೀಗೆ ಮಿತವ್ಯಯವೂ ಕಾನೂನೂ ನೆರೆಹೊರೆಯ ಧರ್ಮವೂ ಒಂದೇ ಏರ್ಪಾಡಿನಲ್ಲಿ ಕೂಡಿಬರುವುವು.

೨೦೦೫ನೆಯ ಇಸವಿ ಜುಲೈ ೧೮ರಂದು ಭಾರತದ ಸರ್ವೋಚ್ಚ ನ್ಯಾಯಾಲಯವು ಈ ವಿಷಯದಲ್ಲಿ ಮಹತ್ವದ ತೀರ್ಪನ್ನು ಕೊಟ್ಟಿತು. ಆ ಮೊಕದ್ದಮೆಗೆ ಕಾರಣವಾದ ಸಂಗತಿಯನ್ನು ಹೆಣ್ಣುಮಕ್ಕಳ ಶಾಲೆಯವರಾದ ನಾವು ತಿಳಿದಿರಲೇಬೇಕು. ಹದಿಮೂರು ವರ್ಷದ ಬಾಲಿಕೆಯೊಬ್ಬಳು ದುಷ್ಟನ ಕೈಗೆ ಸಿಕ್ಕಿ ಸಹಾಯಕ್ಕಾಗಿ ಕೂಗಿಕೊಂಡಳು. ನೆರೆಯಲ್ಲಿ ಹಾಕಿದ್ದ ಧ್ವನಿವರ್ಧಕದ ಅಬ್ಬರದಲ್ಲಿ ಆ ಕೂಗು ಯಾರಿಗೂ ಕೇಳಿಸಲಿಲ್ಲ. ಅವಳು ಅದೇ ಸಂಜೆ ತನ್ನ ಪ್ರಾಣವನ್ನು ಕಳೆದುಕೊಂಡಳು. ಮಾನವ ಕಂಠದ ಬಲವು ವಾಟಿನ ಲಕ್ಷದಲ್ಲೊಂದು ಪಾಲೆಂದು ಆರಂಭದಲ್ಲಿ ಹೇಳಿದೆವು. ಗಟ್ಟಿಯಾಗಿ ಕೂಗಿದಾಗ ಅದು ಹಲವು ಪಟ್ಟು ಹೆಚ್ಚಿದರೂ, ಆ ಬಾಲಿಕೆಯಲ್ಲಿದ್ದ ಬಲವು ಒಂದು ವಾಟಿನ ಅತ್ಯಲ್ಪ ಪಾಲು ಮಾತ್ರ. ಅದನ್ನು ಕೇಳುವುದಕ್ಕೆ ಬೇಕಾದದ್ದು ದೊಡ್ಡ ಯಂತ್ರವಲ್ಲ, ನಿಶ್ಶಬ್ದ.

೯. ಮುಂದಿನ ಕಾಲ

ಶಕ್ತಿಯನ್ನು ನುಂಗುವ ವರ್ಧಕಗಳ ಭವಿಷ್ಯವನ್ನು ಕುರಿತು ಇಷ್ಟನ್ನು ಧೈರ್ಯವಾಗಿ ಹೇಳಬಹುದು. ವಾಲ್ವಿನ, 'ಎ' ವರ್ಗದ ಯಂತ್ರಗಳು ಪೂರ್ತಿಯಾಗಿ ಮಾಯವಾಗುವುದಿಲ್ಲ. ವಿದ್ಯುದ್ದೀಪ ಬಂದ ಮೇಲೂ ತುಪ್ಪದ ದೀಪವು ಉಳಿದ ಹಾಗೆ, ಕೆಲವರ ಮನೆಗಳಲ್ಲಿ ಆದರದಿಂದ, ಅಪರೂಪವಾಗಿ ಉಳಿಯುವುವು. ದಿನಬಳಕೆಯ ಕೆಲಸವೆಲ್ಲ 'ಡಿ' ವರ್ಗಕ್ಕೆ ಸೇರಿದೆ. ಅದಕ್ಕೆ ಬೇಕಾಗುವ ಶಕ್ತಿಯು ಕಡಿಮೆಯಾದುದರಿಂದ, ನಮ್ಮ ಕಡೆ ಯಥೇಚ್ಛವಾಗಿರುವ ಬಿಸಿಲಿನಿಂದ ಹಗಲು ತುಂಬಿಸಿದ ಬ್ಯಾಟರಿಯೊಂದು ಸಂಜೆಯ ಸಭೆಯನ್ನು ನಡೆಸಿಕೊಡಬಲ್ಲದು. ಜನರೇಟರಿನ ಹೊಗೆಯೂ ಸದ್ದೂ ತಪ್ಪುವುವು. ಆದರೆ ಹೊಸದನ್ನು ಕೊಳ್ಳುವ ಉತ್ಸಾಹದಲ್ಲಿ ಕೆಲಸಮಾಡುತ್ತಿರುವ ಹಳೆಯದನ್ನು ತಿಪ್ಪೆಗೆ ಎಸೆಯುವುದು ಮಿತವ್ಯಯವಲ್ಲ. ಅದರೊಳಗಿನ ತಾಮ್ರ, ಅಲ್ಯುಮಿನಿಯಂಗಳನ್ನು ಭೂಮಿಯಿಂದ ತೆಗೆಯಲು ಆಗಲೇ ಶಕ್ತಿ ಖರ್ಚಾಗಿದೆ. ದುರಸ್ತಿಯಾಗುವುದನ್ನು ದುರಸ್ತಿ ಮಾಡಿಸಿ, ಆಗದ್ದನ್ನು ೨೦೨೩ರ ಏಪ್ರಿಲಿನಿಂದ ಜಾರಿಯಲ್ಲಿರುವ ವಿದ್ಯುನ್ಮಾನ ತ್ಯಾಜ್ಯದ ನಿಯಮಗಳಂತೆ ನೋಂದಾಯಿತರಿಗೆ ಒಪ್ಪಿಸತಕ್ಕದ್ದು.

ಮಾತಾಪಿತೃಗಳೂ ಸೋದರಿಯರೂ ಕಾರ್ಯಕ್ಕೆ ಮೈಕಿನವರನ್ನು ಕರೆಸುವಾಗ ಐದು ಮಾತುಗಳನ್ನು ಕೇಳಲಿ. ಎಷ್ಟು ಕಿವಿಗಳಿಗೆ ಕೇಳಬೇಕು? ಸ್ಪೀಕರುಗಳನ್ನು ಅವರ ಹತ್ತಿರಕ್ಕೆ ಒಯ್ಯಬಹುದೇ? ಮಾತಿಗಾಗಿಯೋ ಸಂಗೀತಕ್ಕಾಗಿಯೋ? ಎಳೆಯ ಮಕ್ಕಳು ಎಲ್ಲಿ ಕೂಡುವರು? ಎಷ್ಟು ಹೊತ್ತಿಗೆ ಆರಿಸುವಿರಿ? 'ಎಷ್ಟು ವಾಟು?' ಎಂಬ ಪ್ರಶ್ನೆಯನ್ನು ಎಲ್ಲಕ್ಕೂ ಕಡೆಯಲ್ಲಿ ಕೇಳಿದರೆ ಸಾಕು. ಮೊದಲಿನ ಐದಕ್ಕೆ ಸರಿಯಾದ ಉತ್ತರ ದೊರೆತಲ್ಲಿ ಅದರ ಉತ್ತರವು ತಾನಾಗಿಯೇ ಚಿಕ್ಕದಾಗುವುದು.

೧೦. ಅಭ್ಯಾಸ

(೧) ೬೦ ವಾಟು ಸೆಳೆಯುವ ಹಳೆಯ ರೇಡಿಯೋ ದಿನಕ್ಕೆ ೨ ಘಂಟೆ ನಡೆದರೆ ವರ್ಷಕ್ಕೆ ಎಷ್ಟು ಯೂನಿಟ್ಟು? (ಉತ್ತರ: ಸುಮಾರು ೪೪.)

(೨) ಬಯಲಿನಲ್ಲಿ ಸ್ಪೀಕರಿನಿಂದ ೪ ಮೀಟರು ದೂರದಲ್ಲಿ ೯೦ ಡೆಸಿಬೆಲ್ ಇದ್ದರೆ ೩೨ ಮೀಟರು ದೂರದಲ್ಲಿ ಎಷ್ಟು? (ಉತ್ತರ: ೭೨.)

(೩) ಮಜ್ಜಿಗೆ ಕಡೆಯುವ ಹಗ್ಗದ ದೃಷ್ಟಾಂತದಿಂದ 'ಬಿ', 'ಎಬಿ' ವರ್ಗಗಳ ಭೇದವನ್ನು ಮನೆಯ ಚಿಕ್ಕವರಿಗೆ ವಿವರಿಸಿರಿ.

(೪) ರಾತ್ರಿ ಮಲಗುವ ಮುಂಚೆ ಮನೆಯಲ್ಲಿ ಕೆಂಪು ಕಣ್ಣು ಬಿಟ್ಟುಕೊಂಡಿರುವ ಯಂತ್ರಗಳೆಷ್ಟು ಎಂದು ಎಣಿಸಿ, ಗೋಡೆಯ ಸ್ವಿಚ್ಚುಗಳನ್ನು ಆರಿಸಿರಿ. ಒಂದು ತಿಂಗಳಾದ ಮೇಲೆ ಬಿಲ್ಲನ್ನು ಹಿಂದಿನದರೊಡನೆ ಹೋಲಿಸಿರಿ.

(೫) ನಿಮ್ಮ ಮನೆಯ ಮುಂದಿನ ಶುಭಕಾರ್ಯದ ದಿನ ಸದ್ದಳೆಯುವ ದೂರವಾಣಿಯೊಂದನ್ನು ಹಿಡಿದು ಚಪ್ಪರದಿಂದ ಹೊರಗೆ ನಡೆದು, ನೆರೆಯ ಐದು ಮನೆಗಳ ಬಾಗಿಲಲ್ಲಿ ನಿಂತು ನೋಡಿರಿ. ಎಲ್ಲಿ ೫೫ ಡೆಸಿಬೆಲ್ ಮೀರಿದೆಯೋ ಆ ಮನೆಯಲ್ಲಿ ರೋಗಿಗಳು, ಎಳೆಗೂಸುಗಳು, ಪರೀಕ್ಷೆಗೆ ಓದುವ ಹೆಣ್ಣುಮಕ್ಕಳು ಇರುವರೇ ಎಂದು ವಿಚಾರಿಸಿ, ಹಿಂದಿರುಗಿ ಬಂದು ವರ್ಧಕದ ಗುಂಡಿಯನ್ನು ನಿಮ್ಮ ಕೈಯಿಂದಲೇ ಇಳಿಸಿರಿ.